ಹುರಿದ ಬಾರ್ಲಿಯ ಬಿಯರ್

ಕೃಷ್ಣರಾಜಪುರದ ಮುನಿಅಂಜನಪ್ಪ ಇಪ್ಪತ್ತು ವರ್ಷ ಬಿಯರ್ ಕಾರ್ಖಾನೆಯಲ್ಲಿ ದುಡಿದವನು. ಆದರೆ ಬಿಯರ್ ಹೇಗೆ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಅವನಿಗೆ ಗೊತ್ತಿರಲಿಲ್ಲ. ಅವನದು ಬಾಟಲಿ ತೊಳೆಯುವ ಕೆಲಸ. ಬಿಯರ್ ಬೇಯಿಸುವ ಸೆಕ್ಷನ್ನಿಗೆ ಬಾಟಲಿಯವರು ಕಾಲಿಡುವಂತಿರಲಿಲ್ಲ. ಆಯುಧಪೂಜೆಯ ದಿನ ಹೆಂಡತಿ ಮಕ್ಕಳನ್ನೆಲ್ಲ ಒಳಗೆ ಬಿಟ್ಟು ಯಂತ್ರಗಳನ್ನು ತೋರಿಸುತ್ತಿದ್ದರು, ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದರು, ಬೂದುಗುಂಬಳ ಒಡೆಯುತ್ತಿದ್ದರು. ಅವತ್ತೂ ಆ ಸೆಕ್ಷನ್ನಿಗೆ ಮಾತ್ರ ಬೀಗ. ಬಾಟಲಿಯವರು ಕಳ್ಳರೇ? ಕುಷ್ಠರೋಗಿಗಳೇ? ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೃಷ್ಣರಾಜಪುರದ ರೈಲುಹಳಿಯ ಮೇಲೆ ಕಟ್ಟುತ್ತಿದ್ದ ತೂಗುಸೇತುವೆಯ ಕೆಲಸ ಮುಗಿಯುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು. ಬೀದಿಯವರಿಗೆ ಅವನು ಇನ್ನೂ ‘ಬಿಯರ್ ಅಂಜನಪ್ಪ’ನೇ. ಒಂದು ದಿನ ಶಿವಾಜಿನಗರದಲ್ಲಿ ಹಳೆಯ ಜೊತೆಗಾರ ಅಕ್ತರ್ ಸಿಕ್ಕಿದ. ಕಾರ್ಖಾನೆಯ ಸ್ಟೋರಿನಲ್ಲಿದ್ದವನು ಈಗ ರಸೆಲ್ ಮಾರುಕಟ್ಟೆಯ ಪಕ್ಕ ಪಿಂಗಾಣಿ ಅಂಗಡಿಯಲ್ಲಿದ್ದ. ಚಹಾ ಕುಡಿಯುತ್ತ ಮಾತಿಗೆ ಮಾತು ಬಂದಾಗ ಅಕ್ತರ್ ನಕ್ಕ. “ಬಿಡು ಗುರು, ನಾವು ಬಾಟ್ಲಿ ತೊಳೆದೋರು, ಗೋಣಿ ಹೊತ್ತೋರು. ಬಿಯರ್ ಮಾಡೋದು ನಮಗೆಲ್ಲಿ ಬರುತ್ತೆ?”

ಅಂಜನಪ್ಪನಿಗೆ ಪಿತ್ತ ನೆತ್ತಿಗೇರಿತು. “ಬರಲ್ವಾ? ಈ ಆಯುಧಪೂಜೆಗೆ ನಮ್ ಸೆಕ್ಷನ್ನೋರನ್ನೆಲ್ಲ ಮನೆಗೆ ಕರ್ಕೊಂಡು ಬಾ. ನಾನೇ ಮಾಡಿದ ಬಿಯರ್ ಕುಡಿಸ್ತೀನಿ. ಲೋಟದ ಆ ಕಡೆ ಇಟ್ಟ ಬೆರಳು ಈ ಕಡೆ ಕಾಣ್ಬೇಕು, ಹಂಗಿರುತ್ತೆ!”

ಹೇಳಿದ್ದಾಯಿತು, ಇನ್ನು ಮಾಡದಿದ್ದರೆ ಮಾನ ಹೋಗುತ್ತದೆ. ಕಾರ್ಖಾನೆ ಮುಚ್ಚುವಾಗ ಅಕ್ತರ್ ಎತ್ತಿಟ್ಟುಕೊಂಡಿದ್ದ ಒಂದು ಪೊಟ್ಟಣ ಹಾಪ್ಸ್ ಕೊಟ್ಟ. ಬಿಯರಿನ ಕಹಿಯೆಲ್ಲ ಆ ಒಣ ಹೂವಿನದು. ಬೇಕರಿಯಲ್ಲಿ ಈಸ್ಟ್ ಸಿಕ್ಕಿತು. ಸಿಪ್ಪೆ ಸಮೇತದ ಬಾರ್ಲಿ ತಂದು ನೆನೆಹಾಕಿ ಮೊಳಕೆ ಬರಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಮೊಳಕೆ ಬಂದ ಕಾಳನ್ನು ಏನು ಮಾಡಬೇಕು? ಮಕ್ಕಳಿಗೆ ತಿನ್ನಿಸುವ ರಾಗಿ ಸರಿಗೆ ಮನೆಯಲ್ಲಿ ಮೊಳಕೆ ರಾಗಿಯನ್ನು ಹುರಿಯುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಇದೂ ಅದೇ ತಾನೇ ಎಂದುಕೊಂಡು ದೊಡ್ಡ ಬಾಣಲೆಯಿಟ್ಟು ಘಮ್ಮೆನ್ನುವವರೆಗೆ ಹುರಿದ. ಬಿಯರಿಗೆ ಹೊಂಬಣ್ಣ ಬರಬೇಕಲ್ಲ, ಇನ್ನಷ್ಟು ಹುರಿದ.

“ರೀ, ಇಷ್ಟು ಹುರೀಬೇಕಾ? ರಾಗಿ ಸರಿಗೆ ಬರೀ ಬೆಚ್ಚಗೆ ಮಾಡ್ತೀವಪ್ಪ,” ಎಂದಳು ಹೆಂಡತಿ ಯಶೋದಮ್ಮ.

“ಕಾರ್ಖಾನೇಲಿ ಇದ್ದಿದ್ದು ನೀನಾ, ನಾನಾ? ಆಚೆ ಹೋಗು!”

ಆಚೆ ಹೋಗು ಎಂದದ್ದು ಅಡುಗೆಮನೆಗೆ ಮಾತ್ರ ನಿಲ್ಲಲಿಲ್ಲ. ಕಾಳನ್ನು ಒಡೆದು ಹಾಪ್ಸ್ ಜೊತೆ ಕುದಿಸಿ, ಈಸ್ಟ್ ಬೆರೆಸಿ ತುಂಬಿದ ಡ್ರಮ್ಮು ಇಟ್ಟಿದ್ದ ಹಿಂದಿನ ಕೋಣೆಗೂ ಅವಳು ಕಾಲಿಡಕೂಡದು ಎಂದಾಯಿತು. ಉಪ್ಪಿನಕಾಯಿಯ ಜಾಡಿ ಆ ಕೋಣೆಯಲ್ಲೇ ಇತ್ತು. ಅದನ್ನೂ ಅವನೇ ತಂದುಕೊಡುತ್ತಿದ್ದ.

ಡ್ರಮ್ಮಿನಲ್ಲಿ ಒಂದಿಷ್ಟು ನೊರೆ ಎದ್ದಿತು, ಮಾರನೆಯ ದಿನವೇ ಇಳಿಯಿತು. ಹುದುಗು ಮುಗಿಯಿತೋ, ಸತ್ತಿತೋ? ಇನ್ನೂ ಬಿಡಬೇಕೋ, ತೆಗೆಯಬೇಕೋ? ಮುಚ್ಚಳ ತೆಗೆದು ನೋಡಿದ, ಮುಚ್ಚಿದ, ಸಮಾಧಾನವಾಗದೆ ಮತ್ತೆ ತೆಗೆದ. ಒಳಗಿನದು ಮಳೆಗಾಲದ ಕೆರೆ ನೀರಿನ ಹಾಗೆ ಕಂದಗೆ ಕದಡಿಕೊಂಡು ಕೂತಿತ್ತು. ಪಂಚೆಯಲ್ಲಿ ಸೋಸಿದ. ಟ್ಯಾಂಕರ್ ನೀರು ತಿಳಿಯಾಗಲೆಂದು ಬೀದಿಯವರೆಲ್ಲ ಮಾಡುವಂತೆ ಪಟಿಕದ ತುಂಡನ್ನು ಅದರಲ್ಲಿ ಗರಗರ ತಿರುಗಿಸಿದ. ಪಟಿಕದ ಒಗರು ಸೇರಿತೇ ಹೊರತು ಬಿಯರ್ ತಿಳಿಯಾಗಲಿಲ್ಲ. ಸಿಟ್ಟೆಲ್ಲ ಯಶೋದಮ್ಮನ ಮೇಲೆ ತಿರುಗಿತು. ನಿನ್ನ ಒಗ್ಗರಣೆಯ ಹೊಗೆ, ನಿನ್ನ ಊದುಬತ್ತಿ, ನಾನಿಲ್ಲದಾಗ ನೀನೇ ಬಾಗಿಲು ತೆಗೆದಿರಬೇಕು ಎಂದು ರೇಗಿದ. ಅವಳು ಪಾತ್ರೆ ತಿಕ್ಕುತ್ತಲೇ ಇದ್ದಳು. ಅದಕ್ಕೂ ಅವನಿಗೆ ಸಿಟ್ಟು.

ಕೊನೆಗೆ ಒಂದು ಬಾಟಲಿ ತುಂಬಿಸಿಕೊಂಡು ಇಂದಿರಾನಗರಕ್ಕೆ ಹೋದ. ಆ ಬೀಗದ ಸೆಕ್ಷನ್ನಿನ ಒಡೆಯರಾಗಿದ್ದ ಕೆಮಿಸ್ಟ್ ಶೇಖರಪ್ಪನವರ ಮನೆ ಅಲ್ಲಿತ್ತು. ಬಿಜಾಪುರದ ಕಡೆಯವರು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತರಿಸಿ, ಒಂದು ಚಮಚ ಬಿಯರಿಗೆ ಒಂದು ಹನಿ ಬಿಟ್ಟರು. ಶಾಯಿ ಬಿದ್ದ ಹಾಗೆ ಕಪ್ಪಾಯಿತು.

“ಇದು ಬಿಯರ್ ಅಲ್ರೀ, ಗಂಜಿ. ಮೊಳಕಿ ಕಾಳು ಹುರದ್ರೇನು?”

“ಹೌದು ಸಾರ್.”

“ಬಿಸಲಾಗ ಒಣಗಸಬೇಕಿತ್ತು. ಹುರದ್ರ ಕಾಳಿನ ಸತ್ವ ಸತ್ತು ಹೋಗತದ, ಪಿಷ್ಟ ಸಕ್ರಿ ಆಗೂದಿಲ್ಲ. ಸಕ್ರಿ ಇಲ್ದ ಈಸ್ಟ್ ಏನು ತಿನ್ನಬೇಕು? ನೀವು ಎಷ್ಟು ಸೋಸಿದ್ರೂ ಇದು ತಿಳಿ ಆಗೂದಿಲ್ಲ.” ಒಣಗಿಸಿದ ಕಾಳನ್ನು ಒಡೆದು ಕುದಿಸದೆ ಬಿಸಿನೀರಲ್ಲಿ ಬಿಡಬೇಕು, ಟಿಂಚರ್ ಬಿಟ್ಟರೂ ಕಪ್ಪಾಗದ ಹಾಗಾಗುವವರೆಗೆ ಕಾಯಬೇಕು, ಆಮೇಲೆ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಈಸ್ಟ್ ಹಾಕಿ ಮುಚ್ಚಿದ ಮೇಲೆ ಮುಟ್ಟಬಾರದು, ಹುದುಗು ನಿಂತ ಮೇಲೆ ತಣ್ಣಗೆ ಇಟ್ಟರೆ ಗಷ್ಟು ತಾನೇ ತಳಕ್ಕೆ ಕೂರುತ್ತದೆ ಎಂದೂ ಹೇಳಿದರು. ಕೊನೆಗೆ, “ಇಷ್ಟು ವರ್ಷ ಅಲ್ಲೇ ಇದ್ರಿ, ಒಂದ್ಸಲನಾದ್ರೂ ಕೇಳೂದಲ್ಲೇನು?” ಎಂದರು.

ಆ ಮಾತು ಅವನಿಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಬೀಗ ಹಾಕಿದವರೇ ಕೇಳಲಿಲ್ಲ ಎನ್ನುತ್ತಾರಲ್ಲ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದ. ಮನೆಗೆ ಬಂದು ಹಜಾರದ ನಡುವೆ ನಿಂತು ಅವರು ಹೇಳಿದ್ದನ್ನೆಲ್ಲ ಒದರಿದ. “ಕಾರ್ಖಾನೇಲಿ ಬಾಗ್ಲಲ್ಲಿ ನಿಂತು ನೋಡೋಕೂ ಬಿಡ್ಲಿಲ್ಲ ಕಣೇ ಅವ್ರು! ನಾಯಿ ಓಡಿಸಿದ ಹಂಗೆ ಓಡಿಸಿದ್ರು!”

ಯಶೋದಮ್ಮ ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು.

“ನೀವು ನನ್ನನ್ನ ಬಿಟ್ರಾ? ಇಷ್ಟು ಹುರೀಬೇಕಾ ಅಂದೆ, ಆಚೆ ಹೋಗು ಅಂದ್ರಿ. ನನ್ ಮನೇಲಿ ನನ್ ಉಪ್ಪಿನಕಾಯಿಗೆ ನಿಮ್ಮನ್ನ ಕೇಳ್ಬೇಕಾಯ್ತು. ಅವ್ರು ಹಾಕಿದ ಬೀಗಕ್ಕೆ ಹೊಟ್ಟೆ ಉರ್ಕೊಂಡೋರು ನನಗೂ ಅದೇ ಮಾಡಿದ್ರಲ್ರೀ! ಇನ್ನೊಂದ್ಸಲ ಮಾಡೋದು ನಾನು. ನೀವು ಆ ಕೋಣೆಗೆ ಕಾಲಿಟ್ರೆ ನೋಡಿ!”

ಅವನು ಬಾಟಲಿಯನ್ನು ಮೂಲೆಗಿಟ್ಟು ಜಗಲಿಗೆ ಹೋಗಿ ಕೂತ.

ಅವಳು ಬಾರ್ಲಿ ಮೊಳಕೆ ಬರಿಸಿ ತಾರಸಿಯ ಮೇಲೆ ಒಣಹಾಕಿದಳು. ಅದು ಮಾತ್ರ ಅವನ ಕಣ್ಣಿಗೆ ಬಿತ್ತು. ಮುಂದಿನದೆಲ್ಲ ಮುಚ್ಚಿದ ಬಾಗಿಲ ಆಚೆ ನಡೆಯಿತು. ಒಂದು ದಿನ ಮೀನಂಗಡಿಯಿಂದ ಐಸ್ ಬಂತು. “ಮೀನಿನ ವಾಸ್ನೆ ಹತ್ತುತ್ತೆ ಕಣೇ!” ಎಂದು ಬಾಗಿಲು ಬಡಿದು ಕೂಗಿದ. “ಐಸ್ ಇರೋದು ಡ್ರಮ್ಮಿನ ಹೊರಗೆ,” ಎಂದು ಒಳಗಿಂದ ಉತ್ತರ ಬಂತು, ಬಾಗಿಲು ತೆರೆಯಲಿಲ್ಲ. ಅವನು ಹಜಾರದಲ್ಲಿ ಶತಪಥ ಹಾಕಿದ. ಕಾರ್ಖಾನೆಯ ಆ ಬಾಗಿಲ ಮುಂದೆಯೂ ಇಷ್ಟು ಸಂಕಟಪಟ್ಟಿರಲಿಲ್ಲ.

ಆಯುಧಪೂಜೆಗೆ ಬಾಟಲಿ ಸೆಕ್ಷನ್ನಿನವರು ಬಂದರು. ಪೂಜೆಗೆ ಯಂತ್ರವಿಲ್ಲದ ಜನ. ಯಾರದೋ ಆಟೋಗೆ, ಅಂಜನಪ್ಪನ ಸೈಕಲ್ಲಿಗೆ ಹೂವೇರಿಸಿದರು. ಯಶೋದಮ್ಮ ಲೋಟಗಳನ್ನು ತಂದಿಟ್ಟಳು. ಅಕ್ತರ್ ಒಂದನ್ನು ಎತ್ತಿ ಅದರ ಹಿಂದೆ ಬೆರಳಿಟ್ಟು ನೋಡಿದ. ಉಗುರಿನ ಅಂಚೂ ಕಂಡಿತು. ಕುಡಿದು ಮೀಸೆಯ ನೊರೆ ಒರೆಸಿಕೊಂಡ.

“ಭಲೇ ಗುರು! ಗೆದ್ದುಬಿಟ್ಟೆ! ಇದನ್ನ ತಿಳಿ ಹೆಂಗೆ ಮಾಡ್ದೆ, ನಮಗೂ ಹೇಳ್ಕೊಡು.”

ಎಲ್ಲರೂ ಅವನ ಮುಖ ನೋಡಿದರು. ಸುಳ್ಳು ಹೇಳಿದರೆ ನಡೆಯುತ್ತಿತ್ತು, ಯಶೋದಮ್ಮ ಎದುರಾಡುವವಳಲ್ಲ. ಅಂಜನಪ್ಪನ ಕಿವಿ ಕೆಂಪಗಾಯಿತು.

“ನಂಗೊತ್ತಿಲ್ಲ ಕಣೋ,” ಎಂದ ಸಿಡುಕಿನಿಂದ. “ಮಾಡಿದ್ದು ಇವ್ಳು. ನನ್ನನ್ನ ಒಳಗೆ ಬಿಡ್ಲಿಲ್ಲ.”