ಕುಂಕುಮ ಮೆತ್ತಿದ ಬೋಲ್ಟು

ಸಾರಕ್ಕಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹಣಮಪ್ಪ ಬಾಗಲಕೋಟೆ ಕಡೆಯವನು. ಪೊಲೀಸ್ ಪಡೆಯೊಂದರಲ್ಲಿ ಬಂದೂಕುಗಳನ್ನು ನೋಡಿಕೊಳ್ಳುವ ಕೆಲಸ. ಬ್ರಿಟಿಷರ ಕಾಲದ ನಮೂನೆಯ ತ್ರೀನಾಟ್‌ತ್ರೀಗಳು ಅವು. ಈಗ ಹೆಣದ ಮುಂದೆ ಮರ್ಯಾದೆಯ ಗುಂಡು ಹಾರಿಸುವುದಕ್ಕಷ್ಟೇ ಹೊರಗೆ ಬರುತ್ತವೆ. ಮೆಟ್ಟಿಲ ಮೇಲೆ ಕೂತು ಅವನು ಹೇಳಿದ್ದನ್ನು ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತು.

“ಬೋಲ್ಟ್ ಅಂದ್ರ ಬಾಗಲಾ ಚಿಲಕ ಇದ್ದಂಗ ನೋಡ್ರಿ ಅಮ್ಮಾರ. ಹಿಂದಕ್ಕ ಎಳದ್ರ ಖಾಲಿ ತೋಟಾ ಹೊರಗ. ಮುಂದಕ್ಕ ನೂಕಿ ಕೆಳಗ ಒತ್ತಿದ್ರ ಹೊಸಾದು ಒಳಗ, ಬಾಗಲಾ ಬಂದ್. ಆದ್ರ ಒಂದರ ಚಿಲಕ ಇನ್ನೊಂದಕ್ಕ ಕೂಡೂದಿಲ್ಲ. ಅದಕ್ಕ ಬಂದೂಕಿಗೂ ಅದರ ಬೋಲ್ಟಿಗೂ ಒಂದ ನಂಬರ್ ಹೊಡದಿರ್ತಾರ.”

ಆಯುಧಪೂಜೆಗೆ ಬೋಲ್ಟುಗಳನ್ನು ಬಿಚ್ಚಿ ಬಾಳೆಲೆಯ ಮೇಲೆ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚುವುದು ಅವರ ರೂಢಿ.

ಆ ಹಬ್ಬ ಕಳೆದ ವಾರವೇ ಉತ್ತರಹಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಮರಿಯಮ್ಮನ ಗಂಡ ಚಿಕ್ಕಬೈರಪ್ಪ ತೀರಿಕೊಂಡರು. ಅರವತ್ತೆರಡರ ಯುದ್ಧದಲ್ಲಿ ಇಂಥದೇ ಬಂದೂಕು ಹಿಡಿದಿದ್ದವರು. ಗುಂಡು ಹಾರಿಸಲು ಬಂದದ್ದು ಹಣಮಪ್ಪನ ಪಡೆಯವರೇ. ಸಾಲಿನ ಕೊನೆಯಲ್ಲಿದ್ದ ಬಸವಂತನ ಬೋಲ್ಟು ಮುಚ್ಚಲೇ ಇಲ್ಲ. ಅಂಗೈಯಿಂದ ಗುದ್ದಿದ, ಕೂರಲಿಲ್ಲ. ಮೂರು ಸಲವೂ ಉಳಿದವರದು ಸಿಡಿಯಿತು, ಇವನದು ಮೂಕ.

“ಲೇ ಮಗಾ, ನಿಂದು ಸೈಲೆಂಟಲ್ಲಿದೆ,” ಎಂದು ಹಿಂದಿನಿಂದ ಯಾರೋ ಅಂದರು. ಹೆಣದ ಮುಂದೆ ಜನ ನಕ್ಕರು. ಅದರ ವಿಡಿಯೋ ಎಲ್ಲರ ಫೋನಿಗೂ ಹೋಯಿತು.

ಆಮೇಲೆ ಹಣಮಪ್ಪ ಮೆಟ್ಟಿಲ ಮೇಲೆ ಕೂರುವುದನ್ನೇ ಬಿಟ್ಟ. ನಾನು ಕೇಳಲಿಲ್ಲ, ಕಾದೆ. ಒಂದು ಸಂಜೆ ಅವನೇ ಬಂದು ಕೂತ.

“ಕುಂಕುಮ ಮೆತ್ತಿ ನಂಬರ್ ಮುಚ್ಚಿತ್ರಿ. ಒರೆಸಿ ನೋಡಲಿಲ್ಲ, ಅವಸರಕ್ಕ ಹಾಕಿಬಿಟ್ಟೆ. ಎರಡು ಅದಲಾಬದಲಿ ಆಗ್ಯಾವು. ಇನ್ನೊಂದು ಬಂದೂಕ ಅವತ್ತ ಹೊರಗ ಬಂದಿರಲಿಲ್ಲ. ಮರುದಿನ ಯಾರಿಗೂ ಕಾಣದಂಗ ಸರಿಮಾಡಿ ಇಟ್ಟೀನಿ.”

“ಸಾಹೇಬರಿಗೆ ಹೇಳಿದ್ಯಾ?”

ಅವನು ಚಪ್ಪಲಿಯ ಉಂಗುಷ್ಠ ತಿರುವುತ್ತಾ ಕೂತ. “ಬಸವಂತಗ ಬಂದೂಕ ಹಿಡಿಯಾಕ ಬರೂದಿಲ್ಲ ಅಂತ ಬರದಾರ. ದಿನಾ ಬಿಸಲಾಗ ಡ್ರಿಲ್ ಮಾಡಸ್ತಾರ. ನನ್ನ ಎದುರಿಗೇ ಓಡ್ತಾನ್ರಿ.”

“ತಿಥಿಗೆ ಬಾ ನನ್ನ ಜೊತೆ,” ಎಂದೆ.

ತಿಥಿಯ ದಿನ ಶಾಮಿಯಾನದಲ್ಲಿ ಪಂಕ್ತಿಗೆ ಕೂತಾಗ ಮರಿಯಮ್ಮ ನಮ್ಮ ಎಲೆಗಳ ಮುಂದೆ ಬಂದು ನಿಂತಳು. ಇವನು ಬಂದೂಕಿನ ಪಡೆಯವನೆಂದು ನಾನು ಹೇಳಿದೆ.

“ನಮ್ಮೆಜಮಾನ್ರಿಗೆ ಮರ್ಯಾದೆ ಮಾಡಿದ್ರಿ, ಒಳ್ಳೇದಾಗ್ಲಿ ಕಣಪ್ಪಾ,” ಎಂದಳು. “ಅದ್ಸರಿ, ಕೊನೇಲಿ ನಿಂತಿದ್ನಲ್ಲ, ಅವನಿಗೇನೂ ಅಂದಿಲ್ಲ ತಾನೆ? ಅವನ ಮುಖ ನೋಡಿ ನಂಗೆ ಅಳು ನಿಂತೋಯ್ತು.”

ಹಣಮಪ್ಪನ ಕೈ ಅನ್ನದಲ್ಲೇ ನಿಂತಿತು.

“ಅಂದಾರ್ರಿ, ಯವ್ವಾ. ತಪ್ಪು ನಂದು.”

ಕೂತಲ್ಲೇ ಎಡಗೈಯಲ್ಲಿ ಫೋನ್ ತೆಗೆದ. ಅಕ್ಕಪಕ್ಕದವರು ಊಟ ನಿಲ್ಲಿಸಿದರು.

“ಸಾರ್, ಹಣಮಪ್ಪ ರೀ. ಬೋಲ್ಟ್ ಅದಲಾಬದಲಿ ಮಾಡಿದ್ದು ನಾನು. ಬಸವಂತಂದೇನೂ ಇಲ್ಲ ಸಾರ್... ಹೂಂ ಸಾರ್. ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಆ ಕಡೆಯ ಬೈಗುಳ ನನಗೂ ಕೇಳಿಸಿತು. ಅವನು ಫೋನನ್ನು ಕಿವಿಯಿಂದ ದೂರ ಮಾಡಲಿಲ್ಲ.

ಮಾತು ಮುಗಿದ ಮೇಲೆ ಊಟ ಬಿಟ್ಟು ಏಳಲು ಹೋದ. ಮರಿಯಮ್ಮ ಬಡಿಸುವವನಿಗೆ ಸನ್ನೆ ಮಾಡಿದಳು. ಎಲೆಗೆ ಸಾರು ಬಿತ್ತು. ಹಣಮಪ್ಪ ತಲೆ ಎತ್ತದೆ ಕಲಸಿದ.