ಗೋಡೆಯ ಮೇಲಿನ ಚೆಂಡು

ನಮ್ಮ ಓನರಮ್ಮನ ಬಲಗೈ ಹೆಬ್ಬೆರಳು ತೆಂಗಿನಕಾಯಿ ಸುಲಿದು ಸುಲಿದು ಚಪ್ಪಟೆಯಾಗಿತ್ತು. ಉಗುರಿನ ಸುತ್ತಲಿನ ನಾರಿನ ಕಂದು ಬಣ್ಣ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮೇಷ್ಟರಾಗಿ ಹಿರಿಯೂರಿಗೆ ಬಂದ ನಾನು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಆ ಬೆರಳು ಒಂದು ಕರಿಯ ತಿರುಗುಗುಂಡಿಯನ್ನು ತಿರುವುತ್ತಿದ್ದುದನ್ನು ಕಂಡು ಬೆರಗಾದೆ.

ಅದು ವಿಡಿಯೋ ಗೇಮ್. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಹೊರದೇಶದಿಂದ ತಂದುಕೊಟ್ಟದ್ದು. ಟಿವಿಗೆ ಜೋಡಿಸಿ, ಗುಂಡಿ ತಿರುವಿ ಪರದೆಯ ಮೇಲಿನ ಚೆಂಡನ್ನು ಹೊಡೆಯುತ್ತ ಇಬ್ಬರು ಆಡಬೇಕು. ಹಿರಿಯೂರಿನಲ್ಲಿ ಆಗ ಟಿವಿ ಎಲ್ಲಿತ್ತು? "ಮುಂದಿನ್ ಸಲ ಟಿವಿ ತರ್ತೀನಕ್ಕ, ಇಬ್ರೂ ಆಡಾಣ" ಅಂದು ಹೋಗಿದ್ದನಂತೆ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಇವರೇ. "ನಂಗೆ ಆಡೋ ವಯಸ್ಸೇ ಬರ್ಲಿಲ್ಲ ಮೇಷ್ಟ್ರೇ. ಈಗ ಬಂದೈತೆ" ಅನ್ನುತ್ತಿದ್ದರು.

ಅಲ್ಲಿಯತನಕ ಅಭ್ಯಾಸ ಬೇಡವೇ? ಸಂಜೆ ಒಂದು ಗುಂಡಿ ನನ್ನ ಕೈಗೆ, ಇನ್ನೊಂದು ಅವರ ಕೈಗೆ. ಎದುರಿಗೆ ಸುಣ್ಣ ಬಳಿದ ಬರಿಗೋಡೆ. "ಕುಂತ್ಕಳ್ರಿ. ಚೆಂಡು ಬಂತು ನೋಡ್ರಿ... ಅಯ್ಯೋ, ಬಿಟ್ರಲ್ರೀ!" ಕಾಣದ ಚೆಂಡಿನ ಆಟದಲ್ಲೂ ನನ್ನನ್ನು ಒಂದು ದಿನವೂ ಗೆಲ್ಲಗೊಡಲಿಲ್ಲ. ಇದು ಮೋಸ ಎಂದರೆ, "ಟಿವಿ ಬರ್ಲಿ, ಆವಾಗ ನೋಡಾಣ" ಎಂದು ನಗುತ್ತಿದ್ದರು.

ಆಯುಧಪೂಜೆಗೆ ಕಾಯಿ ಸುಲಿಯುವ ಹಾರೆ, ತಕ್ಕಡಿ, ಜೊತೆಗೆ ಆ ಆಟದ ಮಿಷನ್ನೂ. ಆಟದ ಕ್ಯಾಸೆಟ್ಟನ್ನು ಹೊರಗೆಳೆದು, ಅದರ ಲೋಹದ ಹಲ್ಲುಗಳಿಗೆ ಅರಿಶಿನ ಕುಂಕುಮ ಕಲಸಿ ಹಚ್ಚಿ, ಮತ್ತೆ ಒಳಗೆ ತುರುಕುವರು. "ಮೇಲ್ಮೇಲೆ ಹಚ್ಚಿದ್ರೆ ಅದೊಂದು ಪೂಜೆ ಏನ್ರಿ?" ನನಗೂ ಅದು ಸರಿಯೆನಿಸಿತ್ತು.

ಅವರ ತಮ್ಮ ಮಾತು ಉಳಿಸಿಕೊಂಡ, ಟಿವಿ ತಂದ. ಅಕ್ಕ ಹೊಸ ಸೀರೆ ಉಟ್ಟು ಕುಳಿತರು. ಸ್ವಿಚ್ಚು ಹಾಕಿದರೆ ಪರದೆಯ ತುಂಬ ಬರೀ ಚುಕ್ಕಿ. ಕ್ಯಾಸೆಟ್ಟು ಎಳೆದು ನೋಡಿದ. ಹಲ್ಲಿಗೆಲ್ಲ ಕಿಲುಬು, ಸಂದಿಯಲ್ಲಿ ಗಟ್ಟಿಯಾದ ಕುಂಕುಮ. ಬ್ಲೇಡಿನಿಂದ ಕೆರೆದ. ಒಂದು ಹಲ್ಲು ಕಿತ್ತೇ ಬಂತು.

"ಲೇ, ನಾನೇ ಹಾಳ್ ಮಾಡಿದ್ನೇನೋ?"

"ಇಲ್ಲ ಬಿಡಕ್ಕ, ಮೊದ್ಲಿಂದ್ಲೂ ಮಿಷನ್ನೇ ಸರಿ ಇರ್ಲಿಲ್ಲ."

ಅವನ ಬೆರಳಿಗೆ ಮೆತ್ತಿದ್ದ ಕುಂಕುಮವನ್ನು ಅವರು ನೋಡಿಯಾಗಿತ್ತು.

ರಜೆ ಮುಗಿಸಿ ಹೋದವನು ಹಡಗಿನಲ್ಲೇ ಜ್ವರ ಬಂದು ತೀರಿಕೊಂಡ. ಆಮೇಲೆ ಅವರು ಆ ಗುಂಡಿ ಮುಟ್ಟಲಿಲ್ಲ, ಸಂಜೆ ನನ್ನನ್ನು ಕರೆಯಲೂ ಇಲ್ಲ. ಹಾಳು ಪೂಜೆ, ಅದೊಂದನ್ನು ನಾನಾದರೂ ಬೇಡವೆಂದಿದ್ದರೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಆ ಆಟ ಈಗ ಬಲು ಅಪರೂಪವಂತೆ, ಸಂಗ್ರಹಕಾರರು ದೇಶದೇಶ ಹುಡುಕುತ್ತಾರಂತೆ. ಹಾಗೆಂದು ಓದಿದಾಗ ನೆನಪಾದದ್ದು ಓನರಮ್ಮನ ಕೊನೆಯ ಸಂಜೆ. ನೋಡಲು ಹೋಗಿದ್ದೆ. ಮಾತು ನಿಂತುಹೋಗಿತ್ತು. ಕಣ್ಣು ಗೋಡೆಯ ಮೇಲಿತ್ತು, ಕಂಬಳಿಯ ಅಂಚಿನಲ್ಲಿ ಆ ಹೆಬ್ಬೆರಳು ಮೆಲ್ಲಗೆ ತಿರುಗುತ್ತಿತ್ತು. ಪಕ್ಕದಲ್ಲಿ ಕುಳಿತು "ಚೆಂಡು ಬಂತು ನೋಡ್ರಿ" ಅನ್ನಬೇಕಿತ್ತು. ಸುತ್ತ ನೆಂಟರಿದ್ದರು. ಅನ್ನಲಿಲ್ಲ.