ಮೂರು ಗುಂಡಿಗಳ ಡಬ್ಬಿ

ಡಿಪ್ಲೊಮಾದ ಕೊನೆಯ ವರ್ಷ ನಾನೂ ನನ್ನ ಗೆಳತಿಯೂ ಪ್ರಾಜೆಕ್ಟಿಗೆಂದು ಒಂದು ಡಬ್ಬಿ ಮಾಡಿದ್ದೆವು. ಕಂಪ್ಯೂಟರಿನ ಮೆಮೊರಿಯಲ್ಲಿ ಸಾಮಾನ್ಯವಾಗಿ ಒಂದು ತಂತಿಯಲ್ಲಿ ಒಮ್ಮೆಗೆ ಸೊನ್ನೆ ಬರುತ್ತದೆ, ಇಲ್ಲವೆ ಒಂದು. ಹೊಸ ಬಗೆಯೊಂದರಲ್ಲಿ ನಾಲ್ಕು ಮಟ್ಟದ ವೋಲ್ಟೇಜು ಬರುತ್ತದೆ, ಒಂದೇ ಸಲಕ್ಕೆ ಎರಡು ಬಿಟ್ ಸಾಗುತ್ತವೆ. ಬಂದದ್ದು ಯಾವ ಮಟ್ಟವೆಂದು ಗುರುತಿಸುವುದು ರಿಸೀವರಿನ ಕೆಲಸ. ನಮ್ಮ ಡಬ್ಬಿ ಅಂಥ ರಿಸೀವರಿನದೇ ಮಾದರಿ. ಸೊನ್ನೆ, ಒಂದು, ಎರಡು, ಮೂರು ವೋಲ್ಟ್ ಎಂಬ ನಾಲ್ಕು ಮಟ್ಟಗಳ ನಡುವೆ ಮೂರು ಗಡಿ. ಗಡಿಗೊಂದರಂತೆ ಡಬ್ಬಿಯ ಮೇಲೆ ತಿರುವುವ ಮೂರು ಗುಂಡಿ. ಅವು ಎಷ್ಟು ತಿರುಗಿರಬೇಕೆಂದು ಬಣ್ಣದ ಗುರುತು ಹಾಕೋಣ ಎಂದು ಗೆಳತಿ ಹೇಳಿದ್ದಳು. ಚೆಂದ ಕಾಣುವುದಿಲ್ಲ ಎಂದು ನಾನೇ ಬೇಡವೆಂದಿದ್ದೆ.

ಪರೀಕ್ಷೆಯ ದಿನ ಸಾಲಹಳ್ಳಿಯಿಂದ ಬೈಲಹೊಂಗಲದ ಕಾಲೇಜಿಗೆ ಹೋಗುವ ನೇರ ಬಸ್ಸು ತಪ್ಪಿತು. ಸವದತ್ತಿ ಮೇಲೆ ಹೋಗುವ ಬಸ್ಸು ಹಿಡಿದೆ. ಕೈಯಲ್ಲಿ ಡಬ್ಬಿ, ಕಾಲಿಡಲು ಜಾಗವಿರಲಿಲ್ಲ. ಕುಳಿತಿದ್ದ ಅಜ್ಜಿಯೊಬ್ಬಳು ಕೈ ಚಾಚಿದಳು.

"ಕೊಡಯವ್ವಾ ಇಲ್ಲೆ, ಎಷ್ಟೊತ್ತಂತ ಹಿಡಕೊಂಡ ನಿಂದರ್ತಿ?"

ಅವಳ ತೊಡೆಯ ಮೇಲೆ ಡಬ್ಬಿ ಇಟ್ಟು, ಕಂಬಿ ಹಿಡಿದು ಮನಸ್ಸಿನಲ್ಲೇ ಉತ್ತರಗಳನ್ನು ಉರುಹಚ್ಚುತ್ತ ನಿಂತೆ. ಸವದತ್ತಿಯಲ್ಲಿ ಇಳಿಯುವಾಗ ಅಜ್ಜಿ ಡಬ್ಬಿ ಮರಳಿ ಕೊಡುತ್ತ ಬೇಸರದಿಂದ ಹೇಳಿದಳು:

"ನಿನ್ನ ರೇಡಿಯೋ ಕೆಟ್ಟೈತಿ ನೋಡವಾ. ಎಷ್ಟ ತಿರುವಿದ್ರೂ ಹಾಡ ಬರವಲ್ದು."

ಯಾವ ಗುಂಡಿ ತಿರುವಿದಳು, ಒಂದೋ ಮೂರೋ ಎಂದು ಕೇಳುವಷ್ಟರಲ್ಲಿ ಅವಳು ಗುಂಪಿನಲ್ಲಿ ಕರಗಿದ್ದಳು. ಅಳೆಯುವ ಮೀಟರು ಕಾಲೇಜಿನಲ್ಲಿತ್ತು. ಉಳಿದ ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗವಚಿಕೊಂಡು ಕುಳಿತೆ. ಬಸ್ಸು ನಿಂತಲ್ಲೆಲ್ಲ ಗಡಿಯಾರ ನೋಡಿದೆ.

ನಾನು ಕಾಲೇಜು ಮುಟ್ಟುವ ಹೊತ್ತಿಗೆ ನಮ್ಮ ಸರದಿ ಬಂದೇಬಿಟ್ಟಿತ್ತು. ಬೇರೆ ಊರಿಂದ ಬಂದ ಪರೀಕ್ಷಕರು ಮೇಜಿನ ಮುಂದೆ ನಿಂತಿದ್ದರು. ಗೆಳತಿಗೆ ಒಂದು ಮಾತು ಹೇಳಲೂ ಆಗಲಿಲ್ಲ. ಅವಳು ಎರಡು ವೋಲ್ಟ್ ಕಳಿಸಿದಳು. ಡಬ್ಬಿಯ ದೀಪಗಳು ಒಂದು ವೋಲ್ಟ್ ಎಂದು ತೋರಿಸಿದವು. ಮತ್ತೆ ಕಳಿಸಿದಳು. ಮತ್ತೆ ಅದೇ. ಅವಳು ನನ್ನತ್ತ ನೋಡಿದ ನೋಟಕ್ಕೆ ನೆಲ ಬಾಯಿಬಿಡಬಾರದೇ ಅನಿಸಿತು.

"ಏನ್ರಿ ಇದು? ನೋಡಿ ತಂದಿಲ್ಲೇನ?" ಎಂದರು ಪರೀಕ್ಷಕರು.

ಬಸ್ಸಿನಲ್ಲಿ ನಡೆದದ್ದನ್ನು, ಅಜ್ಜಿಯ ರೇಡಿಯೋದ ಮಾತನ್ನು ತೊದಲುತ್ತಲೇ ಹೇಳಿಬಿಟ್ಟೆ. ಅವರು ನಗಲಿಲ್ಲ. "ಹಂಗಾರ ನನ್ನ ಮುಂದ ಸರಿ ಮಾಡ್ರಿ," ಎಂದು ಕುರ್ಚಿ ಎಳೆದುಕೊಂಡರು.

ಗೆಳತಿ ಮೀಟರು ಹಿಡಿದು ಓದತೊಡಗಿದಳು. ಮೊದಲಿನ ಗಡಿ ಅರ್ಧ ವೋಲ್ಟ್, ಸರಿಯಿತ್ತು. ಮೇಲಿನದೂ ಸರಿ. ನಡುವಿನದು ಒಂದೂವರೆ ಇರಬೇಕಾದದ್ದು ಎರಡನ್ನೂ ದಾಟಿತ್ತು. ನಾನು ತಿರುವಿದ ಗುಂಡಿ ಮೂರು ಸಲ ಮುಂದೆ ಹೋಯಿತು, ಹಿಂದೆ ಬಂತು. ಕಡೆಗೆ ದೀಪಗಳು ಎರಡನ್ನು ಎರಡೆಂದೇ ತೋರಿಸಿದವು.

"ಕಂಪ್ಯೂಟರಿನ್ಯಾಗ ಇದನ್ನ ಯಾರು ತಿರುವತಾರ?" ಎಂದು ಪರೀಕ್ಷಕರು ಕೇಳಿದರು.

ಗೆಳತಿ ಹೇಳಿದಳು: "ತಾನ ಮಾಡ್ಕೋತೈತ್ರಿ ಸರ್. ಚಾಲೂ ಆದ ಕೂಡ್ಲೆ ಮೊದಲ ಗೊತ್ತಿರೋ ಸಂಕೇತ ಕಳಿಸಿ, ಗಡಿ ಎಲ್ಲಿಟ್ರ ಸರಿ ಓದತೈತಿ ಅಂತ ಹುಡುಕತೈತ್ರಿ."

ಅವರು ತಲೆಯಾಡಿಸಿ ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಪಾಸಾದೆವೆಂದು ಗೊತ್ತಾಗಿದ್ದು ಎಷ್ಟೋ ವಾರಗಳ ಮೇಲೆ.

ಹೊರಗೆ ಬಂದ ಮೇಲೆ ಗೆಳತಿ ಪೆನ್ನು ತೆಗೆದು ಮೂರೂ ಗುಂಡಿಗೆ ಗುರುತು ಹಾಕಿದಳು. ಕ್ಯಾಂಟೀನಿನಲ್ಲಿ ಚಹಾದ ಗ್ಲಾಸು ನನ್ನ ಕೈಯಲ್ಲಿ ತುಳುಕುವುದನ್ನು ನೋಡಿ, "ಇಡು ಕೆಳಗ, ಸುಟ್ಟಕೊಂಡಿ," ಎಂದಳು.